ದುರುಗಪ್ಪ ಎಂದು ಬರೆದ ಹೆಸರು

ತಂಗಿ ದುರುಗಮ್ಮ,

೧೯೭೬ರಲ್ಲಿ ದೇವದುರ್ಗದ ಬಳಿ ಕೃಷ್ಣೆಯನ್ನು ಎಲ್ಲರಿಗಿಂತ ಮೊದಲು ಈಜಿ ದಾಟಿದವಳು ನೀನು. ಬಹುಮಾನ ಕೊಟ್ಟದ್ದು ಎರಡನೆಯವನಿಗೆ.

ಎಂಟು ವರ್ಷದ ಮೇಲೆ, ಇವತ್ತು ರಾಯಚೂರಿನ ವಾಚನಾಲಯದಲ್ಲಿ ಒಂದು ಪತ್ರಿಕೆ ತೆರೆದೆ. ಹಲಗೆಯ ಮೇಲೆ ನಿಂತು ಸಮುದ್ರದ ಅಲೆಗಳಲ್ಲಿ ಸಾಗುವ ಹೆಣ್ಣುಮಕ್ಕಳ ಪಂದ್ಯದ ಚಿತ್ರವಿತ್ತು. ಗೆದ್ದವಳ ಹೆಸರು ದಪ್ಪಕ್ಷರದಲ್ಲಿತ್ತು. ನೀನು ಬದುಕಿದ್ದರೆ ತೋರಿಸುತ್ತಿದ್ದೆ.

ಅಂದು ಹೊಳೆ ಈಜುವ ಪಂದ್ಯದಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. "ದುರುಗಪ್ಪ ಅಂತ ಬರಿ ಅಣ್ಣಾ, ಹೊಳಿಗೇನು ಗೊತ್ತಾಗ್ತದ?" ಎಂದು ನೀನು ನಕ್ಕೆ, ನಾನು ಬರೆದೆ. ಆಚೆ ದಡ ಹತ್ತಿದಾಗ ಅಲ್ಲಿ ಕಾಯುತ್ತಿದ್ದ ನಿರ್ಣಾಯಕರು, "ಪಟ್ಟಿಯಾಗ ದುರುಗಪ್ಪ ಅಂತದ, ನೀ ಯಾರಬೇ?" ಎಂದರು. ಒದ್ದೆ ಸೀರೆ ಹಿಂಡುತ್ತ ನೀನು ನನ್ನ ಮುಖ ನೋಡಿದೆ. ನಾನು ತಲೆ ತಗ್ಗಿಸಿದೆ.

ಆ ನಿರ್ಣಾಯಕರೂ ನಾನೂ ಇನ್ನೂ ಇದ್ದೇವೆ. ಅದೇ ದಡದಲ್ಲಿ ನಿಂತು, ಊರಿನೆದುರು ನಾವು ಉತ್ತರ ಕೊಡಬೇಕು: ಅಂದು ಗೆದ್ದವರು ಯಾರು?