ಹಳದಿಯ ಕೆಳಗಿನ ಮುಖ

ಮಾರ್ಚ್ 3, ಬೆಳಿಗ್ಗೆ

ಹಾಲು ಕಾಯಿಸಿದೆ. ತಮ್ಮನ ಬ್ರಷ್‌ಗಳನ್ನು ತೊಳೆದಿಟ್ಟೆ. ಪೇಪರ್ ಬಿಡಿಸಿದೆ — ಬಿಡಿಸಬಾರದಿತ್ತು. ವಿಮರ್ಶಕ ಮಹಾಶಯ ಅರ್ಧ ಪುಟ ತುಂಬಿಸಿದ್ದಾನೆ. ತಮ್ಮನ ಚಿತ್ರಗಳಲ್ಲಿ ಹೆಂಗಸರ ಮುಖದ ಜಾಗದಲ್ಲಿ ಬರೀ ಹಳದಿ ಇರುವುದು ‘ಅಸ್ಮಿತೆಯ ನಿರಾಕರಣೆ’ಯಂತೆ! ಇಷ್ಟು ಓದಿಕೊಂಡವನಿಗೆ, ನಿಮ್ಮ ತಾಯಿ ಯಾವಾಗ ಹೋದರು ಎಂದು ಒಂದು ಮಾತು ಕೇಳಲು ತೋಚಲಿಲ್ಲ.

ಅಮ್ಮ ಸತ್ತಾಗ ತಮ್ಮನಿಗೆ ಮೂರು ತುಂಬಿರಲಿಲ್ಲ. ನನಗೆ ಒಂಬತ್ತು. ಒಂದು ಫೋಟೊ ಕೂಡ ಇಲ್ಲ. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ತಗಡಿನ ಮೇಲೆ ಒಮ್ಮೆ ಅವಳ ಮುಖ ಬರೆದಿದ್ದ. ಅವಳು ಹೋದ ಮೇಲೆ ಅದರ ಮೇಲೇ ಹಳದಿ ಬಳಿದು, ಕೆಂಪಕ್ಷರದಲ್ಲಿ ‘ಟೈಲರ್’ ಎಂದು ಬರೆದು ಕೊಟ್ಟುಬಿಟ್ಟ. ತಮ್ಮ ಪಕ್ಕದಲ್ಲೇ ಕೂತಿದ್ದ. ನೆನಪಿಲ್ಲ ಅನ್ನುತ್ತಾನೆ. ಅವನ ಕೈಗೆ ನೆನಪಿದೆ.

ಮಾರ್ಚ್ 5

ರಸ್ತೆ ಅಗಲ ಮಾಡುತ್ತಾರಂತೆ. ಹಿಂದೆ ಮರ ಕಡಿದಾಗಲೂ ಇದೇ ಮಾತು, ಇದೇ ‘ಅಭಿವೃದ್ಧಿ’. ಟೈಲರ್ ಅಂಗಡಿಯೂ ಹೋಗುತ್ತದೆ. ಅಪ್ಪನ ಗುರುತಿಗೆ ಅಂತ ಎಷ್ಟು ಕೇಳಿದರೂ ಹಳೇ ಟೈಲರ್ ಬದುಕಿರುವವರೆಗೂ ಆ ಬೋರ್ಡು ಕೊಡಲಿಲ್ಲ, ಅದೃಷ್ಟದ್ದು ಅಂತ. ಈಗ ಮಗನ ಕಾಲ.

ತಮ್ಮ ಊಟ ಬಿಟ್ಟು ಎದ್ದ. “ಅಕ್ಕಾ, ಅಪ್ಪ ಉಜ್ಜಿದ್ನಾ? ಸರಿಯಾಗಿ ನೆನಪು ಮಾಡ್ಕೊ.”

ಅಪ್ಪನ ಕಟ್ಟಳೆ: ಹಳೇ ಬಣ್ಣವನ್ನು ತಗಡು ಹೊಳೆಯುವವರೆಗೂ ಉಜ್ಜಿ ತೆಗೆಯದೆ ಹೊಸದು ಬಳಿಯಕೂಡದು.

“ಅದೊಂದನ್ನ ಮಾತ್ರ ಉಜ್ಜಲಿಲ್ಲ ಕಣೋ. ಸ್ಯಾಂಡ್‌ಪೇಪರ್ ಕೈಗೆ ತಗೊಂಡ... ಇಟ್ಬಿಟ್ಟ.”

“ಹಾಗಾದ್ರೆ ಇದಾಳೆ.”

ಅರವತ್ತು ದಾಟಿದವನು. ಇದಾಳೆ!

ಮಾರ್ಚ್ 6

ಟೈಲರ್ ಮಗನಿಗೆ ಫೋನ್ ಮಾಡಿದೆ. ಧಾರಾಳವಾಗಿ ತಗೊಂಡು ಹೋಗಿ ಅಂದ. ಕಾರಣ ಹೇಳಲಿಲ್ಲ; ತಮ್ಮನ ಅಪ್ಪಣೆ. “ಪೇಪರ್‌ನೋರು ಕ್ಯಾಮೆರಾ ಹಿಡ್ಕೊಂಡು ಬರ್ತಾರೆ. ಅಮ್ಮನ್ನ ಮೊದಲು ನಾನು ನೋಡ್ಬೇಕು.”

ಅವನಿಗೆ ಜ್ವರ. ಇಳಿಯಲಿ, ಹೋಗೋಣ ಅಂದೆ. ಹಾಸಿಗೆಯಲ್ಲೇ ಡಬ್ಬದ ಮುಚ್ಚಳಕ್ಕೆ ಎರಡು ಬಣ್ಣ ಬಳಿದು, ಒಣಗಿಸಿ, ಮೇಲಿನದನ್ನಷ್ಟೇ ಬ್ಲೇಡಿನಿಂದ ಎಬ್ಬಿಸುವ ಅಭ್ಯಾಸ ನಡೆಸಿದ್ದಾನೆ.

ಮಾರ್ಚ್ 11, ಮಧ್ಯಾಹ್ನ

ಹೋಗಿ ಬಂದೆವು.

“ಬನ್ನಿ ಅಕ್ಕಾವ್ರೇ, ಬನ್ನಿ ಸಾರ್! ಇಷ್ಟು ದೊಡ್ಡೋರು ಬರ್ತೀರ ಅಂದ್ಮೇಲೆ ಆ ಸಿಪ್ಪೆ ಎದ್ದಿರೋ ಬೋರ್ಡ್ ಹೇಗೆ ಕೊಡ್ಲಿ?”

ಟೈಲರ್ ಮಗ ಬೋರ್ಡಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಹೊಸ ಹಳದಿ. ಹೊಸ ಕೆಂಪು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

“ತಗಡು ಕಾಣೋ ತನಕ ಉಜ್ಬೇಕು ಅಂತ ನಿಮ್ಮ ತಂದೆ ಹೇಳ್ತಿದ್ರಂತೆ, ನಮ್ಮಪ್ಪ ಹೇಳೋರು. ಹಾಗೇ ಉಜ್ಜಿಸಿದೀನಿ. ಒಂದು ಚುಕ್ಕೆ ಉಳಿದಿದ್ರೆ ನನ್ನ ಕೇಳಿ!”

“ಉಜ್ಜೋವಾಗ... ಕೆಳಗೆ ಏನಾದ್ರೂ ಕಾಣ್ತಾ?” ತಮ್ಮ ಕೇಳಿದ.

“ಏನೋ ಕಂದು ಕಂದಾಗಿತ್ತು. ತುಕ್ಕು ಅನ್ಕೊಂಡೆ ಸಾರ್. ಯಾಕೆ, ಚೆನ್ನಾಗಿಲ್ವಾ?”

“ತುಂಬ ಚೆನ್ನಾಗಿದೆ,” ಎಂದ ತಮ್ಮ. ಕೈಮುಗಿದ.

ವಿಮರ್ಶಕನನ್ನು ಬೈಯಬಹುದು. ರಸ್ತೆಯವರನ್ನು ಬೈಯಬಹುದು. ಇವನನ್ನು ಏನಂತ ಬೈಯಲಿ? ಅಪ್ಪನ ಮಾತು ಪಾಲಿಸಿದ.

ಮಾರ್ಚ್ 29, ಸಂಜೆ

ಬ್ರಷ್‌ಗಳು ಒಣಗಿ ಕಡ್ಡಿಯಾಗಿದ್ದವು. ಇವತ್ತು ತಾನಾಗಿ ಕ್ಯಾನ್‌ವಾಸ್ ಎಳೆದುಕೊಂಡ.

“ಕೂತ್ಕೊ ಅಕ್ಕಾ. ಇನ್ನು ಅವಳನ್ನ ನೋಡಿರೋಳು ನೀನೊಬ್ಬಳೇ. ಹೇಳ್ತಾ ಹೋಗು.”

ಹಣೆ ಅಗಲ ಅಂದೆ. ಬರೆದ. ಎಡಹುಬ್ಬಿನ ಹತ್ತಿರ ಸಣ್ಣ ಗಾಯದ ಗುರುತು. ಬರೆದ. ಮೂಗು ನಿನ್ನದೇ. ತಡವಿಕೊಂಡು ನಕ್ಕ, ಬರೆದ.

“ಕಣ್ಣು?”

ಯಾವ ಮಂತ್ರಿ ಯಾವ ವರ್ಷ ಏನು ಸುಳ್ಳು ಹೇಳಿದ ಎಂದು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಕಣ್ಣು ಮುಚ್ಚಿದೆ. ಅಪ್ಪನ ಕೈ ಬಂತು, ಹಳದಿ ಬಂತು...

ಒಂದ್ನಿಮಿಷ ಇರು ಅಂದು ಒಳಗೆ ಬಂದಿದ್ದೇನೆ. ಡೈರಿಯಲ್ಲಿ ಬರೆಯುತ್ತಾ ಹೋದರೆ ನೆನಪಾದೀತು. ಆಚೆ ಅವನು ಕಾದ. ಈಗ ಬಣ್ಣ ಕಲಸುವ ಸದ್ದು. ಹಳದಿಯೇ ಇರಬೇಕು.

ಅಮ್ಮನ ಕಣ್ಣು —