ಕುರ್ಚಿಯ ಕ್ಷೇಮಸಮಾಚಾರ

ಸೊಲ್ಲಾಪುರ
ಬುಧವಾರ, 12 ಫೆಬ್ರುವರಿ 2025
ನೀವು ಸೂರತ್ತಿಗೆ ಹೋಗಿ ಒಂಬತ್ತು ದಿನ. ನನಗೆ ಜ್ವರ ಬಂದು ಮೂರು ದಿನ.

ಪ್ರೀತಿಯ ಯೋಗಿರಾಜ ಅವರಿಗೆ,

ಅತ್ತೆಯವರ ಮುಂದೆ ನಿಮ್ಮ ಹೆಸರು ಹೇಳುವುದಿಲ್ಲ. ಕಾಗದಕ್ಕೆ ಆ ಸಂಕೋಚವಿಲ್ಲ. ಆರೋಗ್ಯವಾಗಿದ್ದೀರಾ? ಅಲ್ಲಿ ಸಾರಿಗೂ ಸಕ್ಕರೆ ಹಾಕುತ್ತಾರೆ ಎಂದಿದ್ದಿರಿ. ಅದಕ್ಕೇ ಕಡಕ್ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದೇನೆ. ಟವೆಲ್ಲಿನ ಸ್ಯಾಂಪಲ್ ತರುವ ನಮ್ಮ ಅಂಗಡಿಯ ಸಿದ್ಧರಾಮನ ಕೈಯಲ್ಲೇ ಈ ಪತ್ರವೂ ಬರುತ್ತದೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನೆ ಫೋನಿನಲ್ಲಿ ನೀವು ಕೇಳಿದ್ದು ಎರಡೇ ಮಾತು: "ಕುರ್ಚಿಗಿ ಬಿಸಲ ಬೀಳಾಕತ್ತಿಲ್ಲಲ್ಲಾ?" "ಅವ್ವ ಅದರ ಮ್ಯಾಲ ಹಪ್ಪಳ ಒಣಗಿಸಿಲ್ಲಲ್ಲಾ?" ಎರಡಕ್ಕೂ ಇಲ್ಲ ಎಂದೆ. ನನಗೆ ಜ್ವರ ಎಂದು ಹೇಳುವಷ್ಟರಲ್ಲಿ ನಿಮಗೆ ಗಿರಾಕಿ ಬಂದರು.

ಕುರ್ಚಿ ಕ್ಷೇಮ. ಗಿರಣಿ ಮ್ಯಾನೇಜರರ ಹಳೆಯ ಬಂಗಲೆ ಕೆಡವಿದಾಗ ಹಳೆ ಸಾಮಾನು ಕೊಳ್ಳುವ ಭಂಗಾರದವನ ಗಾಡಿಯಿಂದ ನೀವು ಇಳಿಸಿಕೊಂಡ ದಿನ ಹೇಗಿತ್ತೋ ಹಾಗೇ ಇದೆ: ಬಾಗಿಸಿದ ಉಕ್ಕಿನ ಕೊಳವೆ, ತೆಳ್ಳನೆಯ ಕಟ್ಟಿಗೆಯ ಕೈಗಳು, ಸುಕ್ಕುಬಿದ್ದ ಕಂದು ಚರ್ಮ. ಅಡಿಯ ತಗಡಿನ ಮೇಲಿನ ಅಕ್ಷರ ಹಿಡಿದು ಹುಡುಕಿ, ಇದು ಹಾಲೆಂಡಿನದು, ಎಪ್ಪತ್ತು ವರ್ಷದ್ದು ಎಂದು ನೀವು ಪತ್ತೆಹಚ್ಚಿದಿರಿ. ಅಂದಿನಿಂದ ನಮ್ಮ ಮನೆಯಲ್ಲಿ ಅದರ ವಿನ್ಯಾಸಗಾರನ ಚರಿತ್ರೆ ನಡೆದಿದೆ. ಅವನ ಹೆಸರನ್ನು ನಾನು ಬರೆಯುವುದಿಲ್ಲ. ನಿಮ್ಮ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ, ಸಾಕು. ಅವನ ತಂದೆ ಕಾಲುವೆ ದಂಡೆಯ ಊರಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದ, ತಾಯಿ ದೋಣಿಗಳ ಹಾಯಿ ಹೊಲಿಯುತ್ತಿದ್ದಳು. ಕೊಳವೆ ಬಾಗಿಸುವುದನ್ನು ಅವನು ತಂದೆಯ ಅಂಗಡಿಯಲ್ಲೇ ಕಲಿತ. ಯುದ್ಧದ ಕಾಲದಲ್ಲಿ ಉಕ್ಕು ಸಿಗದಾಗ ತಾಯಿಯ ಮಂಚದ ಕಂಬಿಗಳಿಂದ ಮೊದಲ ಕುರ್ಚಿ ಮಾಡಿದ. ಶಾಲೆ ಬಿಟ್ಟಾಗ ಅವನ ವಯಸ್ಸು, ನೀವು ಶಿವಶರಣಪ್ಪ ಮಾಮಾನ ಮುಂದೆ ಹೇಳಿದಾಗ ಹನ್ನೆರಡು, ಮರುದಿನ ಬ್ಯಾಂಕಿನವರ ಮುಂದೆ ಹದಿನಾಲ್ಕು. ಹನ್ನೆರಡೇ ಸರಿ. ನೀವು ಅವನ ಬಗ್ಗೆ ಪ್ರಿಂಟ್ ತೆಗೆಸಿಟ್ಟ ಪುಟಗಳನ್ನು ನೀವಿಲ್ಲದಾಗ ನಾನೂ ಓದಿದೆ, ಗಂಡನ ಜೇಬಿನಲ್ಲಿ ಸಿಕ್ಕ ಕಾಗದ ಓದಿದ ಹಾಗೆ.

ಅವನು ಶಾಲೆ ಬಿಟ್ಟ ಕಥೆಗೆ ಬಂದಾಗ ನಿಮ್ಮ ದನಿ ಪ್ರತಿ ಸಲ ಭಾರವಾಗುತ್ತದೆ. ತಡವಳದಿಂದ ಅಕ್ಕಲಕೋಟೆಯ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಹೋಗಿ ಓದಿದ ಹುಡುಗಿಯೊಬ್ಬಳು ನಿಮಗೆ ಗೊತ್ತು. ಬಿ.ಎ. ಕೊನೆಯ ಪೇಪರು ಅವಳ ಅರಿಶಿಣದ ದಿನವೇ ಬಂತು. ಎರಡೂ ಮನೆಯವರು ಮುಹೂರ್ತ ಬದಲಿಸಲಿಲ್ಲ. ಪೇಪರು ಹಾಗೇ ಹೋಯಿತು. ಮದುವೆಯಾದ ಎರಡನೇ ವರ್ಷ ನಿಮಗೆ ಇದನ್ನು ಹೇಳಿದ್ದೆ. "ಹೌದಾ? ಚಾ ಆತೇನ?" ಎಂದಿರಿ. ಇಪ್ಪತ್ತೊಂದು ವರ್ಷದಿಂದ ಒಳಬಾಗಿಲ ಹತ್ತಿರ ಕೂತು ನಾನು ಪರದೇಶದ ಕಾದಂಬರಿಗಳನ್ನು ಓದುತ್ತೇನೆ. ಅವನ ಊರಿನಂಥ ಕಾಲುವೆಗಳು, ಹಾಯಿಗಳು, ಮಂಜು ನನಗೆ ನಿಮಗಿಂತ ಮೊದಲೇ ಪರಿಚಯ. ಏನು ಓದುತ್ತೀಯ ಎಂದು ನೀವು ಒಮ್ಮೆ ಕೇಳಿದ್ದರೂ ಹೇಳುತ್ತಿದ್ದೆ.

ಅತ್ತೆಯವರಿಗೆ ನಿಮ್ಮ ಈ ಕುರ್ಚಿಯ ಹುಚ್ಚು ತಮಾಷೆ. ಬೆಳಿಗ್ಗೆ ನಾನು ಅದರ ಧೂಳು ಒರೆಸುವಾಗ, "ಏನವಾ, ಸವತೀ ಮಾರಿ ತೊಳದೇನ? ಆಕೀಗಿ ಚಾ ಕೊಟ್ಟಿಲ್ಲೇನು?" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಸೋಮವಾರ ಮಧ್ಯಾಹ್ನ, ಜ್ವರದಲ್ಲಿ, ಮೊದಲ ಸಲ ಅದರಲ್ಲಿ ಕೂತೆ. ಕೊರತೆ ಹುಡುಕಲೆಂದೇ ಕೂತೆ. ಬೆನ್ನು ಎಲ್ಲಿ ನೋಯುತ್ತದೋ ಅಲ್ಲೇ ಕೈಯಿಟ್ಟ ಹಾಗಿತ್ತು. ತಾನು ಕಂಡೂ ಇರದ ಸೊಲ್ಲಾಪುರದ ಹೆಂಗಸಿನ ಬೆನ್ನು ಅದನ್ನು ಮಾಡಿದವನಿಗೆ ಗೊತ್ತಿತ್ತು. ಆಮೇಲೆ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಜ್ವರ ಈಗ ಇಳಿದಿದೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಬಿಪಿ ಗುಳಿಗೆ ತಪ್ಪಿಸಬೇಡಿ. ಅತ್ತೆಯವರ ಆಶೀರ್ವಾದ, ನನ್ನ ನಮಸ್ಕಾರ.

ನಿಮ್ಮ
ಶೀತಲ

ತಾ.ಕ.: ಸಿದ್ಧರಾಮ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬರುವ ಸೋಮವಾರ ಅಕ್ಕಲಕೋಟೆಯ ಮಠದ ಅಯ್ಯನವರು ಪಾದಪೂಜೆಗೆ ನಮ್ಮ ಮನೆಗೆ ಬರುತ್ತಾರೆ. ಅವರು ಕೂತ ಆಸನದ ಮೇಲೆ ಮನೆಯವರು ಮತ್ತೆ ಕೂರಬಾರದು, ಅದು ಮಠಕ್ಕೇ ಸೇರಬೇಕು ಎಂಬುದು ನಿಮ್ಮ ಮನೆಯ ರಿವಾಜು. ಮಾವನವರ ಆರಾಮ ಕುರ್ಚಿ ಹೋದದ್ದೂ ಹಾಗೇ. ಈ ಸಲ ಆಸನ ಹಾಕುವ ಕೆಲಸ ಅತ್ತೆಯವರು ನನಗೆ ಒಪ್ಪಿಸಿದ್ದಾರೆ. ಯಾವುದನ್ನು ಹಾಕಬೇಕು ಎಂದು ನಿರ್ಧರಿಸಿದ್ದೇನೆ. ಅವರಿಗೆ ಇನ್ನೂ ಹೇಳಿಲ್ಲ.