‘ವಿಡೋ’ ಪದದ ತವರುಮನೆ

ರೀ, ನಮ್ಮ ಮನೆಯವರೇ,

ಸಿರುಗುಪ್ಪದ ಬಾಡಿಗೆ ಮನೆ ನೆನಪಾಯಿತು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮುಗಿಸಿ ಬಂದು ಊಟಕ್ಕೆ ಕೂತರೆ, ತಾಟಿಗೆ ರೊಟ್ಟಿಗಿಂತ ಮೊದಲು ಒಂದು ಪದ ಬೀಳಬೇಕು ನಿಮಗೆ. ಅವತ್ತು ‘ವಿಡೋ’. ಹಳೆಯ ಇಂಗ್ಲಿಷಿನಲ್ಲಿ ‘ವಿಡುವೆ’, ಲ್ಯಾಟಿನ್ನಿನಲ್ಲಿ ‘ವಿದುವಾ’, ಸಂಸ್ಕೃತದಲ್ಲಿ ‘ವಿಧವಾ’; ಮೂರೂ ಒಂದೇ ತಾಯಿಯ ಮಕ್ಕಳು, ಮೂಲದಲ್ಲಿ ‘ಬೇರೆಯಾದವಳು’ ಅಂತಷ್ಟೇ ಅರ್ಥ ಅಂದಿರಿ. ‘ಧವ’ ಅಂದರೆ ಗಂಡ, ಅವನಿಲ್ಲದವಳು ವಿಧವೆ ಅನ್ನೋದು ಉಲ್ಟಾ ಲೆಕ್ಕ. ಮೊದಲಿದ್ದದ್ದು ‘ವಿಧವಾ’, ಅದನ್ನು ಮುರಿದು ಗಂಡನಿಗೊಂದು ಪದ ಮಾಡಿಕೊಂಡರು ಅಂತಲೂ ಹೇಳಿದಿರಿ.

ಒಲೆಯ ಮುಂದೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಅವರೂ ಗಂಡನನ್ನು ಕಳಕೊಂಡವರೇ. “ಆ ಪದದಾಗ ಅಪಶಕುನ ಎಲ್ಲೂ ಇಲ್ಲ ನೋಡವ್ವಾ” ಅಂದಿರಿ. ಅವರು ತಿರುಗಿಯೂ ನೋಡದೆ, “ಪದದಾಗ ಇಲ್ದಿದ್ರೇನಪಾ, ಮಂದಿ ಕಣ್ಣಾಗ ಐತಲ್ಲ” ಅಂದರು. ನೀವು ನಕ್ಕಿರಿ. ಯಾಕೆ ನಕ್ಕಿರಿ?

ಕುರುಗೋಡಿನಲ್ಲಿ ನಿಮ್ಮ ಅಕ್ಕನ ಮಗಳ ಮದುವೆ. ಅಕ್ಕಿಕಾಳು ಹಾಕುವ ಹೊತ್ತಿಗೆ ಅತ್ತೆಯನ್ನು ಹಿಂದಿನ ಕೋಣೆಗೆ ಕಳಿಸಿದವರು ಅವರು ಹೆತ್ತ ಮಗಳೇ. ನಾನು ನಿಮ್ಮ ಮುಖ ನೋಡಿದೆ. ಪದದ ಬೆನ್ನು ಹತ್ತಿ ರೋಮಿಗೆ ಹೋಗಿ ಬರುತ್ತಿದ್ದವರು ನೀವು, ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ಇವತ್ತೊಂದು ದಿನ ಸುಮ್ಮನಿರು ಅಂತ ನನಗೇ ಅಂದಿರಿ. ಅತ್ತೆ ಸಾಯುವ ತನಕ ಆ ಒಂದು ದಿನ ಮುಗಿಯಲೇ ಇಲ್ಲವಲ್ಲ...

ನೀವು ತೀರಿಕೊಂಡ ಮೇಲೆ, ಹೋದ ಚಳಿಗಾಲದಲ್ಲಿ, ಬಳ್ಳಾರಿಯ ನಮ್ಮ ಮನೆಯಲ್ಲೇ ಮಗಳ ಕುಬಸ ಇತ್ತು. ಬಸುರಿ ಮಗಳು ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಅಡುಗೆಮನೆ ಬಾಗಿಲಿಗೆ ನಿಮ್ಮ ಅಕ್ಕ ಬಂದರು. “ನೀನು ಒಳಗ ಇರವ್ವ. ಮುತ್ತೈದೇರು ಉಡಿ ತುಂಬ್ತಾರ.” ಮೆತ್ತಗೇ ಹೇಳಿದರು, ಉಪ್ಪು ಕೇಳಿದ ಹಾಗೆ.

ಮಗಳು ಎಲ್ಲ ಕೇಳಿಸಿಕೊಂಡು ತಲೆ ತಗ್ಗಿಸಿದಳು. ಥೇಟ್ ನಿಮ್ಮ ಹಾಗೆ. ಅದು ನನ್ನನ್ನು ಸುಟ್ಟಷ್ಟು ನಿಮ್ಮ ಅಕ್ಕನ ಮಾತು ಸುಡಲಿಲ್ಲ.

“ಹೆತ್ತಾಕಿ ನಾನ್ರಿ ಅಕ್ಕಾರ. ಮೊದಲ ಉಡಿ ನಂದು” ಅಂದು ಹೊರಗೆ ಬಂದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ತುಂಬಿದೆ. ನಿಮ್ಮ ಅಕ್ಕ ಊಟ ಮಾಡದೆ ಎದ್ದು ಹೋದರು, ಅವರ ಹಿಂದೆ ಇನ್ನಷ್ಟು ಹೆಂಗಸರು. ಹೋಳಿಗೆ ಉಳಿದು ಓಣಿಯವರಿಗೆಲ್ಲ ಹಂಚಿದೆವು. ಮಗಳು ಅತ್ತಳು, ನನ್ನ ಸಲುವಾಗಿಯೋ, ಕೆಟ್ಟುಹೋದ ಕಾರ್ಯದ ಸಲುವಾಗಿಯೋ ನಾನು ಕೇಳಲಿಲ್ಲ.

ಮೊಮ್ಮಗಳು ಹುಟ್ಟಿದ್ದಾಳೆ ರೀ. ಬರುವ ಸೋಮವಾರ ತೊಟ್ಟಿಲಿಗೆ ಹಾಕುತ್ತೇವೆ. ನಿಮ್ಮ ಅಕ್ಕನಿಗೂ ಹೇಳಿ ಕಳಿಸಿದ್ದೇನೆ. ಬಂದರೆ ಬರಲಿ, ಬಿಟ್ಟರೆ ಬಿಡಲಿ. ಕೂಸನ್ನು ತೊಟ್ಟಿಲಲ್ಲಿ ಮಲಗಿಸುವವಳು ನಾನೇ.